ಭಂಡಿಗಡಿಯಲ್ಲಿ ಕಂಡ ಒಂದು ತೊಲ ಸೀಸ

ತೀರ್ಥಹಳ್ಳಿಯಿಂದ ಕೊಪ್ಪದ ದಾರಿ ಹಿಡಿದರೆ ನಡುವೆ ಕುಪ್ಪಳಿ. ಕುವೆಂಪು ಬೆಳೆದದ್ದು ಅಲ್ಲಿ. 1904ರ ಡಿಸೆಂಬರ್ 29ರಂದು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ‘ಮಲೆನಾಡಿನ ಚಿತ್ರಗಳು’ ಓದಿದವರಿಗೆ ಈ ಕಾಡಿನ ಶಿಕಾರಿ ಹೊಸದಲ್ಲ. ನನಗೂ ಕೋವಿಯ ಕಥೆಗಳು ಗೊತ್ತಿದ್ದವು. ಕೋವಿಗೆ ಹಾಕುವ ಗುಂಡಿನ ಕಥೆ ಮಾತ್ರ ಗೊತ್ತಿರಲಿಲ್ಲ. ಅದನ್ನು ಕೇಳಲೆಂದೇ ಹೊರಟಿದ್ದೆ.

ತುಂಗೆ ಒಂದು ಕಡೆ, ಭದ್ರೆ ಇನ್ನೊಂದು ಕಡೆ ಹರಿಯುವ ಸೀಮೆ ಇದು. ಮಳೆಗಾಲ ಹಿಂದೆ ಸರಿದು ಅಡಿಕೆ ಕೊಯ್ಲು ಶುರುವಾಗಿತ್ತು. ಭಂಡಿಗಡಿ ಎಂಬ ಹಳ್ಳಿ ಮುಟ್ಟುವಾಗ ಗದ್ದೆಗಳಲ್ಲಿ ಭತ್ತ ಬಾಗಿತ್ತು. ಗದ್ದೆಯಂಚಿನ ಕಾವಲು ಮಾಳಗಳಿಗೆ ಹೊಸ ಸೋಗೆ ಹೊದಿಸಿದ್ದರು. ತೆನೆ ಬಲಿತರೆ ಹಂದಿ ಬರುತ್ತದೆ, ಹಂದಿ ಬಂದರೆ ಒಂದೇ ರಾತ್ರಿಗೆ ಗದ್ದೆ ಉತ್ತಂತಾಗುತ್ತದೆ. ಮಲೆನಾಡಿನ ಮನೆಗಳಿಗೆ ಬೆಳೆ ರಕ್ಷಣೆಗೆಂದು ಕೋವಿಯ ಪರವಾನಗಿ ಸಿಕ್ಕಿರುವುದು ಇದಕ್ಕೇ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಮರಳಿ ತರುವ ಕೋವಿಗಳು ಇವು.

ನಾನು ಹುಡುಕಿಕೊಂಡು ಹೋದ ಗೌಡರಿಗೆ ವಯಸ್ಸಾಗಿದೆ, ಕೈ ಮಾತ್ರ ನಡುಗುವುದಿಲ್ಲ. ಜಗಲಿಯ ಮೇಲೆ ಕಂಬಳಿ ಹಾಸಿ ಕೇಪಿನ ಕೋವಿಯನ್ನು ಮಲಗಿಸಿದರು, ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆ ಇಟ್ಟರು. ಈ ಕೋವಿಗೆ ಅಂಗಡಿಯ ತೋಟೆ ಇಲ್ಲ. ನಳಿಗೆಯ ಬಾಯಿಂದ ಮಸಿ ಎನ್ನುವ ಕರಿಮದ್ದು ಸುರಿದು, ನಾರಿನ ಕತ್ತ ತುರುಕಿ, ಗಜದಿಂದ ಜಡಿದು, ಗುಂಡು ಇಳಿಸಿ, ಮತ್ತೆ ಕತ್ತ ಇಟ್ಟು, ಕೊನೆಗೆ ಕೇಪು ಹಚ್ಚಬೇಕು. ಅಮೆರಿಕದ ಶಿಕಾರಿಗಳು ಖಾಲಿ ಹಿತ್ತಾಳೆ ತೋಟೆಗಳಿಗೆ ಮನೆಯಲ್ಲೇ ಹೊಸ ಕೇಪು, ಮದ್ದು, ಗುಂಡು ತುಂಬಿಕೊಳ್ಳುವುದನ್ನು ದೊಡ್ಡ ವಿದ್ಯೆಯಾಗಿ ಬೆಳೆಸಿದ್ದಾರೆ. ಕೇಪಿನ ಕೋವಿಯವರಿಗೆ ಪ್ರತಿ ಈಡೂ ಕೈಯಾರೆ ತುಂಬಿದ್ದೇ.

ಪೆಟ್ಟಿಗೆ ತೆರೆದಾಗ ನನ್ನ ಕಣ್ಣು ಅಲ್ಲೇ ನೆಟ್ಟಿತು. ಇಕ್ಕಳದಂಥ ಕಬ್ಬಿಣದ ಅಚ್ಚು, ಮೀನುಬಲೆಯಿಂದ ಬಿಚ್ಚಿದ ಸೀಸದ ಮಣಿಗಳು, ಪುಟ್ಟ ತಕ್ಕಡಿ, ಜಾರ್ಜ್ ದೊರೆಯ ತಲೆಯಿರುವ ಒಂದು ಬೆಳ್ಳಿ ರೂಪಾಯಿ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಬಚ್ಚಲೊಲೆಯ ಕೆಂಡ ಸಾಕು. ಹಿಂದೆ ಅಚ್ಚಿನಲ್ಲಿ ಎರೆದಿಟ್ಟಿದ್ದ ಒಂದು ಗುಂಡನ್ನು ಗೌಡರು ತಕ್ಕಡಿಯ ಒಂದು ತಟ್ಟೆಗೆ ಹಾಕಿದರು, ಇನ್ನೊಂದಕ್ಕೆ ರೂಪಾಯಿ. ಮುಳ್ಳು ನೆಟ್ಟಗೆ ನಿಂತಿತು.

“ಅಪ್ಪನ ಕಾಲದ ಲೆಕ್ಕ ಇದು. ಹಂದಿಗೆ ಒಂದು ರೂಪಾಯಿ ತೂಕ. ಕಮ್ಮಿ ಆದ್ರೆ ಹಗುರ, ಎಲುಬಿಗೆ ತಾಗಿ ನಿಲ್ತದೆ. ಒಳಗೆ ಗುಳ್ಳೆ ಇದ್ರೂ ಹಗುರ. ಅಂಥದ್ದನ್ನ ವಾಪಸ್ ಕರಗಿಸೋದೇ ಮಾರಾಯ್ರೆ.”

ನನಗೆ ಮೈ ಜುಮ್ಮೆಂದಿತು. ಆ ಬೆಳ್ಳಿ ರೂಪಾಯಿ ಒಂದು ತೊಲ ತೂಗುತ್ತದೆ. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತೊಲವನ್ನು 180 ಗ್ರೇನ್ ಎಂದು ಗೊತ್ತುಮಾಡಿತು, ಅಂದರೆ 11.66 ಗ್ರಾಂ. 1906ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದು ಮುಂದೆ ಜಗತ್ತಿನ ಶಿಕಾರಿಗಳ ಕೈ ಸೇರಿದ ಥರ್ಟಿ-ನಾಟ್-ಸಿಕ್ಸ್ ರೈಫಲ್ಲಿಗೆ ದೊಡ್ಡ ಜಿಂಕೆ ಜಾತಿಗಳಿಗೆಂದು ಹೆಚ್ಚಾಗಿ ಆರಿಸುವ ಗುಂಡಿನ ತೂಕವೂ 180 ಗ್ರೇನ್! ಭಂಡಿಗಡಿಯ ಜಗಲಿಯ ತಕ್ಕಡಿಯೂ ಕಡಲಾಚೆಯ ಶಿಕಾರಿಯ ತಕ್ಕಡಿಯೂ ಒಂದೇ ಮುಳ್ಳಿನಲ್ಲಿ ನಿಂತಂತಾಯಿತು.

ತೂಕ ಒಂದೇ ಆದರೂ ಆಕಾರ ಬೇರೆ. ಒಂದು ತೊಲದ ದುಂಡು ಗುಂಡಿನ ಅಡ್ಡಗಲ ಸುಮಾರು ಹನ್ನೆರಡೂವರೆ ಮಿಲಿಮೀಟರ್. ರೈಫಲ್ಲಿನ ಗುಂಡು ಎಂಟು ಮಿಲಿಮೀಟರಿಗೂ ಕಡಿಮೆ ಅಗಲ, ಉದ್ದ ಸುಮಾರು ಮೂರು ಸೆಂಟಿಮೀಟರ್. ಅದೇ ಭಾರ ಅರ್ಧಕ್ಕಿಂತ ಕಡಿಮೆ ಜಾಗದ ಹಿಂದೆ ನಿಂತು ನೂಕುತ್ತದೆ. ಹಾಗಾಗಿ ಗಾಳಿ ಅದನ್ನು ಅಷ್ಟಾಗಿ ತಡೆಯುವುದಿಲ್ಲ, ಮಾಂಸದಲ್ಲೂ ಅದು ಆಳಕ್ಕೆ ಇಳಿಯುತ್ತದೆ. ಆದರೆ ಉದ್ದನೆಯ ಗುಂಡು ತಿರುಗದೆ ಹೋದರೆ ಪಲ್ಟಿ ಹೊಡೆಯುತ್ತದೆ. ಅದಕ್ಕೇ ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೀರು. ಗುಂಡು ಉದ್ದವಾದಷ್ಟೂ ಸುರುಳಿ ಬಿಗಿಯಾಗಬೇಕು. ಗ್ರೀನ್‌ಹಿಲ್ ಎಂಬ ಇಂಗ್ಲಿಷ್ ಗಣಿತಜ್ಞ 1879ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟ. ತೂಕ ಹೆಚ್ಚೆಂದು ಸಿಕ್ಕ ಗುಂಡನ್ನೆಲ್ಲ ಯಾವ ರೈಫಲ್ಲಿಗೂ ತುಂಬುವ ಹಾಗಿಲ್ಲ.

ಗೌಡರ ಕೋವಿಯ ನಳಿಗೆ ನುಣುಪು, ಗೀರಿಲ್ಲ. “ಮೂವತ್ತು ಮಾರಿನಾಚೆ ಇದನ್ನ ನಂಬ್ಬಾರ್ದು, ಗುಂಡು ತನಗೆ ಬೇಕಾದಲ್ಲಿ ಹೋಗ್ತದೆ” ಎಂದರು. ಬೆಂಜಮಿನ್ ರಾಬಿನ್ಸ್ ಎಂಬಾತ ಹದಿನೆಂಟನೆಯ ಶತಮಾನದಲ್ಲಿ ಇದೇ ಮಾತನ್ನು ಪ್ರಯೋಗ ಮಾಡಿ ತೋರಿಸಿದ್ದ. ಕೋವಿಯ ತುದಿಯನ್ನು ಬೇಕೆಂದೇ ಎಡಕ್ಕೆ ಬಗ್ಗಿಸಿ ಹೊಡೆದ. ಗುಂಡು ಮೊದಲು ಎಡಕ್ಕೆ ಹೊರಟು, ಹೋಗಹೋಗುತ್ತ ಬಲಕ್ಕೆ ಹೊರಳಿತು. ನಳಿಗೆಯ ಗೋಡೆಗೆ ಉಜ್ಜಿ ಗುಂಡಿಗೆ ಬಂದ ಅಡ್ಡ ತಿರುಗು ಗಾಳಿಯಲ್ಲಿ ಅದನ್ನು ಎಳೆದೊಯ್ದಿತ್ತು. ಆ ರಾಬಿನ್ಸ್ ಕಂಪನಿಯ ಎಂಜಿನಿಯರಾಗಿ ನಮ್ಮ ದೇಶಕ್ಕೇ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಗುಂಡು ನಳಿಗೆಗಿಂತ ಒಂದು ಕೂದಲಷ್ಟು ಸಣ್ಣದಿರಬೇಕು ಎಂದರು ಗೌಡರು. ಸಡಿಲವಾದರೆ ಮಸಿಯ ಬಲವೆಲ್ಲ ಪಕ್ಕದಿಂದ ಸೋರುತ್ತದೆ. ಬಿಗಿಯಾದರೆ ನಡುವೆ ಸಿಕ್ಕಿಕೊಳ್ಳುತ್ತದೆ; ಮಸಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆಯೇ ಸಿಡಿದೀತು. ಗಜದ ಮೇಲೆ ಅವರ ತಂದೆ ಕೊರೆದ ಗೆರೆಗಳಿವೆ. ಗಜ ಎಷ್ಟು ಬೆರಳು ಹೊರಗೆ ಉಳಿಯಿತು ಎಂಬುದರ ಮೇಲೆ ಗುಂಡು ತಳ ಮುಟ್ಟಿತೋ ಇಲ್ಲವೋ ಗೊತ್ತಾಗುತ್ತದೆ. ಆ ಗೆರೆಗಳನ್ನು ಬೆರಳಾಡಿಸಿ ನೋಡಿದೆ. ಬಳಸಿ ಬಳಸಿ ಸವೆದಿದ್ದವು.

ಕಾಡುಕೋಳಿಗೆ ಚರೆ, ಹಂದಿಗೆ ಒಂಟಿಗುಂಡು ಎಂಬುದು ಹಳೆಯ ವಾಡಿಕೆ. ಹಂದಿಗೂ ಚರೆ ಹಾಕಿದರೆ ತಾಗುವ ಸಂಭವ ಜಾಸ್ತಿಯಲ್ಲವೇ ಎಂದು ಕೇಳಿದೆ. ಗೌಡರ ಮುಖ ಗಂಭೀರವಾಯಿತು. “ತಾಗ್ತದೆ, ಸಾಯೋದಿಲ್ಲ. ಹೊಟ್ಟೇಲಿ ಚರೆ ಇಟ್ಕೊಂಡು ಹಳುವಿನಲ್ಲಿ ವಾರಗಟ್ಲೆ ಕೊಳೀತದೆ. ಅಂಥ ಈಡು ತುಂಬಿದವನಿಗೆ ಅಪ್ಪ ಊಟಕ್ಕೂ ಕರೀತಿರಲಿಲ್ಲ.” ಗುಂಡಿನ ಆಯ್ಕೆಯ ಬಗ್ಗೆ ನಾನು ಓದಿದ್ದೆಲ್ಲದರ ತಿರುಳು ಈ ಮಾತಿನಲ್ಲಿತ್ತು. ಪ್ರಾಣಿ ನರಳಬಾರದು; ಉಳಿದ ಲೆಕ್ಕವೆಲ್ಲ ಅದಕ್ಕಾಗಿ.

ರೈಫಲ್ಲಿನ ಶಿಕಾರಿಗಳೂ ಇದನ್ನೇ ಇನ್ನೊಂದು ಬಗೆಯಲ್ಲಿ ಸಾಧಿಸಿದರು. ಆನೆಯಂಥ ದಪ್ಪ ಎಲುಬಿನ ಪ್ರಾಣಿಗೆ ಆಕಾರ ಕೆಡದ ಗಟ್ಟಿ ಕವಚದ ಗುಂಡು. ಕಡವೆಯಂಥದ್ದಕ್ಕೆ ತುದಿಯಲ್ಲಿ ಮೆದು ಸೀಸ ತೆರೆದಿಟ್ಟ ಗುಂಡು: ಹೊಕ್ಕ ಕೂಡಲೇ ಅಗಲವಾಗಿ ಅರಳಿ, ಅಲ್ಲೇ ಉರುಳಿಸುತ್ತದೆ. ತೀರಾ ಹಗುರ, ತೀರಾ ವೇಗದ್ದಾದರೆ ಭುಜದ ಎಲುಬಿನ ಮೇಲೇ ಚೂರಾಗುತ್ತದೆ. ತೀರಾ ಗಟ್ಟಿಯಾದರೆ ಸೂಜಿಯಂತೆ ತೂರಿ ಆಚೆ ಹೋಗುತ್ತದೆ. ಅರಳುವ ಗುಂಡಿಗೆ ಕುಖ್ಯಾತ ಹೆಸರು ಬಂದದ್ದು ನಮ್ಮ ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯಿಂದ. 1896ರ ಸುಮಾರಿಗೆ ಸೈನ್ಯಕ್ಕೆಂದು ಅಲ್ಲಿ ತಯಾರಾಯಿತು. 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅದನ್ನು ನಿಷೇಧಿಸಿತು. ಮನುಷ್ಯನ ಮೇಲೆ ಕ್ರೌರ್ಯವೆಂದು ಬಿಟ್ಟದ್ದನ್ನೇ ಪ್ರಾಣಿಗೆ ಕರುಣೆಯೆಂದು ಬಳಸುತ್ತಾರೆ. ಆ ಜಗಲಿಯಲ್ಲಿ ಕೂತು ಇದನ್ನು ಯೋಚಿಸುತ್ತ ನನಗೆ ಬಹಳ ಹೊತ್ತು ಮಾತೇ ಹೊರಡಲಿಲ್ಲ.

ರಾತ್ರಿ ಮಾಳಕ್ಕೆ ಹೋದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿಯ ಕಾಲ ಮುಗಿದಿದೆ. ಗೌಡರಿಗೆ ಅದರ ಬಗ್ಗೆ ಬೇಸರವಿಲ್ಲ. ಈಗ ತುಂಬುವುದು ಮಸಿ ಮತ್ತು ಕತ್ತ ಮಾತ್ರ. ಗದ್ದೆಯ ಕೆಳಗಿನ ಹಳುವಿನಲ್ಲಿ ಗುಟುರು ಕೇಳಿದಾಗ ಕೋವಿಯ ಕುದುರೆ ಎಳೆದು, ನಳಿಗೆಯನ್ನು ಆಕಾಶಕ್ಕೆ ಹಿಡಿದು ಬಿಲ್ಲು ಒತ್ತಿದರು. ಬೆಂಕಿಯ ನಾಲಗೆ, ಗುಡ್ಡದಿಂದ ಗುಡ್ಡಕ್ಕೆ ಉರುಳಿದ ಸದ್ದು, ಗಂಧಕದ ವಾಸನೆ, ಗಿಡಗಳು ಮುರಿಯುತ್ತ ದೂರವಾದ ಓಟ. ನನ್ನ ಎದೆ ಬಡಿತ ತಹಬಂದಿಗೆ ಬರಲು ಬಹಳ ಹೊತ್ತು ಹಿಡಿಯಿತು.

ಸೀಸದ ಚೂರು ತಿಂದ ಹದ್ದುಗಳು ವಿಷವೇರಿ ಸಾಯುವುದು ತಿಳಿದ ಮೇಲೆ ಹೊರಗಿನ ಜಗತ್ತೂ ಸೀಸವನ್ನು ಬಿಡತೊಡಗಿದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ, ತಾಮ್ರದ ಗುಂಡು ಬಂದಿದೆ. ಸೀಸ ಹೋಗಲಿ, ಹೋಗಬೇಕಾದದ್ದೇ. ಆದರೆ ಮಲೆನಾಡಿನ ಮನೆಗಳ ಅಟ್ಟದಲ್ಲಿ ಗುಂಡಿನ ಅಚ್ಚು, ಗೆರೆ ಕೊರೆದ ಗಜ, ತಕ್ಕಡಿ ಇನ್ನೂ ಉಳಿದಿರಬಹುದು. ದಯವಿಟ್ಟು ಗುಜರಿಗೆ ಹಾಕಬೇಡಿ. ಅವುಗಳ ಲೆಕ್ಕ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಈ ಅಡಿಕೆ ಕೊಯ್ಲು ಮುಗಿಯುವುದರೊಳಗೆ ಅವರ ಬಳಿ ಕೂತು ಕೇಳಿ, ಬರೆದಿಡಿ.