ಖಂಬಾಟಕಿಯ ಏರಿನಲ್ಲಿ ಒಂದು ರಾತ್ರಿ

ತೀರ್ಥಯಾತ್ರೆಯ ಲೇಖನಗಳು ನಮ್ಮ ಈ ಪತ್ರಿಕೆಯಲ್ಲಿ ಬೇಕಾದಷ್ಟು ಬಂದಿವೆ. ಲಾರಿಯಾತ್ರೆಯದು ಬಂದಂತೆ ಕಾಣೆವು. 2024ರ ಮೇ ತಿಂಗಳಲ್ಲಿ ಆ ಭಾಗ್ಯ ನಮಗೆ ಒದಗಿತು. ತಂದೆಯವರ ಕಾಲದ ಸಾಗುವಾನಿ ಮಂಚ, ಒಂದು ಕಪಾಟು, ಎಂಟು ಗೋಣಿ ಪುಸ್ತಕ, ಇವಿಷ್ಟನ್ನು ಪುಣೆಯಿಂದ ಧಾರವಾಡದ ಮನೆಗೆ ಸಾಗಿಸಬೇಕಾಗಿತ್ತು. ಮನೆಯವರನ್ನೂ ಮಕ್ಕಳನ್ನೂ ರೈಲಿಗೆ ಹತ್ತಿಸಿ, ಸಾಮಾನಿನ ಕಾವಲಿಗೆಂದು ನಾವು ಡ್ರೈವರರ ಪಕ್ಕದಲ್ಲಿ ಕುಳಿತೆವು.

ಡ್ರೈವರರು ಸಂಕೇಶ್ವರದ ಕಡೆಯವರು, ಐವತ್ತರ ಆಸುಪಾಸು. ಲಾರಿ ಅವರದೇ. ಅಂದರೆ ಲಾರಿ ಬ್ಯಾಂಕಿನದು, ಕಂತು ಅವರದು. ನಮ್ಮ ಸಾಮಾನಿನ ಜೊತೆಗೆ ಬೇರೆಯವರ ಸರಕೂ ಇತ್ತು. ಕಾತ್ರಜ ದಾಟುವವರೆಗೆ ಊರಿನ ಮಳೆ, ಬೆಳೆ, ಮದುವೆಗಳ ಮಾತು ಸಾಗಿತು. ಶಿರವಳದ ಹತ್ತಿರ ಎದುರಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತಿಕೊಂಡಿತು. ಅವರು ಅದನ್ನು ಸಾಲಗಾರನ ಮುಖ ನೋಡುವಂತೆ ನೋಡಿ, ಮಾತು ನಿಲ್ಲಿಸಿದರು.

ಪುಣೆಯಿಂದ ಸಾತಾರೆಗೆ ಹೋಗುವವರಿಗೆ ಖಂಬಾಟಕಿ ಘಾಟು ಅಡ್ಡ ಬರುತ್ತದೆ. ಆಗ ಸಾತಾರೆಯಿಂದ ಬರುವ ಗಾಡಿಗಳಿಗೆ ಸುರಂಗವಿತ್ತು. ಹೋಗುವ ಗಾಡಿಗಳು ಏರನ್ನೇ ಹತ್ತಬೇಕಾಗಿತ್ತು. ರಾತ್ರಿ ಹನ್ನೊಂದೂವರೆಯ ಸುಮಾರಿಗೆ, ಅರ್ಧ ಏರಿನಲ್ಲಿ, ನಮ್ಮ ಲಾರಿ ಮುದುಕನಂತೆ ಏದುಸಿರು ಬಿಟ್ಟಿತು. ಹಿಂದಿನ ಗಾಡಿಗಳು ಕೂಗಿಕೊಂಡವು. ಕ್ಲೀನರ್ ಹುಡುಗ ಕೆಳಕ್ಕೆ ಹಾರಿ ಚಕ್ರಗಳಿಗೆ ಕಲ್ಲು ಕೊಟ್ಟು, ಇಪ್ಪತ್ತು ಹೆಜ್ಜೆ ಹಿಂದೆ ಗಿಡದ ಟೊಂಗೆ ಮುರಿದು ಹಾಕಿ ಬಂದ.

“ಎಂಜಿನ್ ಕೆಟ್ಟಿತೇ ಅಣ್ಣಾರ?” ಎಂದು ಕೇಳಿದೆವು.

“ಎಂಜಿನ್ನಿಗೆ ಏನೂ ಆಗಿಲ್ರಿ ಸಾಹೇಬ್ರ. ಅದು ಸಿಟ್ಟಾಗೇದ. ಯೂರಿಯಾ ಸರಿ ಇಲ್ಲಂತ ಶಿಕ್ಷಾ ಕೊಡಾಕತ್ತೇದ.”

ಯೂರಿಯಾ ಎಂದರೆ ಹೊಲಕ್ಕೆ ಹಾಕುವುದಲ್ಲವೇ ಎಂದು ನಾವು ಬೆಪ್ಪಾದೆವು. ಅವರು ಆ ರಾತ್ರಿ ಹೇಳಿದ್ದನ್ನೂ ನಾವು ಆಮೇಲೆ ಓದಿಕೊಂಡದ್ದನ್ನೂ ಕೂಡಿಸಿ ಹೇಳುತ್ತೇವೆ. 2020ರ ಮಾರ್ಚ್ 31ರ ನಂತರ ಹಳೆಯ ಬಿಎಸ್-4 ಗಾಡಿಗಳನ್ನು ಮಾರಕೂಡದೆಂದು ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿತು. ಐದನೆಯ ಮೆಟ್ಟಿಲನ್ನು ಹಾರಿ ದೇಶ ನೇರವಾಗಿ ಬಿಎಸ್-6ಕ್ಕೆ ಬಂತು. ಡೀಸೆಲಿನ ಗಂಧಕ ಹತ್ತು ಲಕ್ಷದಲ್ಲಿ 50 ಭಾಗವಿದ್ದದ್ದು 10ಕ್ಕೆ ಇಳಿಯಿತು. ಭಾರಿ ಎಂಜಿನುಗಳು ಒಂದು ಯೂನಿಟ್ಟು ಶಕ್ತಿಗೆ 3.5 ಗ್ರಾಮಿನವರೆಗೆ ಬಿಡಬಹುದಾಗಿದ್ದ ನೈಟ್ರೋಜನ್ ಆಕ್ಸೈಡುಗಳ ಮಿತಿ 0.4ರ ಆಸುಪಾಸಿಗೆ ಬಂತು. ಇದಕ್ಕಾಗಿ ಹೊಗೆಯ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ. ಅದರ ಮುಂದೆ ನೂರಕ್ಕೆ 32.5 ಭಾಗ ಶುದ್ಧ ಯೂರಿಯಾ ಕರಗಿಸಿದ ನೀರಿನ ಸಿಂಪಡಣೆ. ಬಿಸಿ ಹೊಗೆಯಲ್ಲಿ ಯೂರಿಯಾ ಅಮೋನಿಯವಾಗಿ, ಆ ವಿಷದ ಅನಿಲವನ್ನು ಬರಿಯ ನೈಟ್ರೋಜನ್ನೂ ನೀರಾವಿಯೂ ಆಗಿ ಮಾರ್ಪಡಿಸುತ್ತದೆ. ನಿಜಕ್ಕೂ ಅಂದವಾದ ಏರ್ಪಾಡು.

ತೊಡಕು ಇರುವುದು ಶಿಕ್ಷೆಯಲ್ಲಿ. ಯೂರಿಯಾ ಮುಗಿದರೂ ಕೆಟ್ಟದ್ದಾದರೂ, ಅದನ್ನು ಅಳೆಯುವ ಸೆನ್ಸಾರೇ ಕೆಟ್ಟರೂ, ಮೊದಲು ದೀಪ, ಆಮೇಲೆ ಎಂಜಿನಿನ ಶಕ್ತಿಗೆ ಕಡಿತ, ಕಡೆಗೆ ಆಮೆಯ ನಡಿಗೆ. ನಮ್ಮ ನಿಯಮಗಳಿಗೆ ಮಾದರಿಯಾದ ಯೂರೋಪಿನ ನಿಯಮದಲ್ಲಿ ಆ ಕಡೆಯ ವೇಗ ಗಂಟೆಗೆ 20 ಕಿಲೋಮೀಟರು. ಡ್ರೈವರನ ತಪ್ಪೋ ಯಂತ್ರದ ತಪ್ಪೋ ಎಂದು ಗಣಕಯಂತ್ರ ವಿಚಾರಿಸುವುದಿಲ್ಲ. ಏರೋ ಇಳಿಜಾರೋ ಎಂದೂ ನೋಡುವುದಿಲ್ಲ.

ತೆವಳುತ್ತ ಘಾಟು ದಾಟಿ ಸಾತಾರೆ ಸೇರಿದಾಗ ಎರಡು ಗಂಟೆ. ಬೆಳಗಾಗುವಾಗ ಅಜಿಂಕ್ಯತಾರಾ ಕೋಟೆಯ ಮೇಲೆ ಬಿಸಿಲು ಬೀಳುವುದನ್ನು ಲಾರಿಯ ಕಿಟಕಿಯಿಂದಲೇ ನೋಡಿದೆವು. ಆ ಊರಿನ ಕಂದಿ ಪೇಡೆ ಪ್ರಸಿದ್ಧ. ಕೊಂಡೆವು, ಆದರೆ ಡ್ರೈವರರು ಮುಟ್ಟಲಿಲ್ಲ. ದುರಸ್ತಿ ಶಾಲೆಯವರು ಲ್ಯಾಪ್‌ಟಾಪು ಚುಚ್ಚಿ ನೋಡಿ, ದಾರಿಬದಿಯಲ್ಲಿ ಕೊಂಡ 20 ಲೀಟರಿನ ಬಕೆಟ್ಟಿನಲ್ಲಿದ್ದದ್ದು ಕಲಬೆರಕೆ, ಸಿಂಪಡಣೆಯ ಮೂತಿಯಲ್ಲಿ ಹರಳು ಕಟ್ಟಿದೆ ಎಂದರು. ಹೊಲದ ಯೂರಿಯಾಕ್ಕೆ 2015ರಿಂದ ಬೇವಿನೆಣ್ಣೆ ಲೇಪಿಸುತ್ತಾರೆ. ಅದನ್ನು ನಲ್ಲಿಯ ನೀರಿನಲ್ಲಿ ಕದಡಿ ತುಂಬಿದರೆ ಬಕೆಟ್ಟಿನ ಬಣ್ಣ ನೋಡಿ ಯಾರಿಗೆ ತಿಳಿದೀತು? ಕೆಲಸ ಮುಗಿಯುವಾಗ ಸಂಜೆ ನಾಲ್ಕಾಗುತ್ತದೆಂದರು. ಹುಬ್ಬಳ್ಳಿಯಲ್ಲಿ ಒಪ್ಪಿಕೊಂಡಿದ್ದ ಒಣಮೆಣಸಿನಕಾಯಿಯ ಲೋಡು ಬೇರೆಯವರ ಪಾಲಾಯಿತು.

ಹತ್ತು ಗಂಟೆಗೆ ಅವರ ಫೋನಿಗೆ ಯಾರದೋ ಕರೆ ಬಂತು. ಅಂಗೈಯಗಲದ ಒಂದು ಡಬ್ಬಿ. ಅದನ್ನು ಜೋಡಿಸಿದರೆ, ಯೂರಿಯಾ ಸರಿಯಾಗಿದೆ, ಹೊಗೆ ಶುದ್ಧವಾಗಿದೆ ಎಂದು ಅದು ಗಣಕಯಂತ್ರಕ್ಕೆ ಸುಳ್ಳು ವರದಿ ಒಪ್ಪಿಸುತ್ತಿರುತ್ತದೆ. ಮತ್ತೆ ದೀಪವಿಲ್ಲ, ಬಕೆಟ್ಟಿನ ಖರ್ಚಿಲ್ಲ. ಇವರ ತಮ್ಮನ ಗಾಡಿಗೆ ಆಗಲೇ ಹಾಕಿಸಿದ್ದಾಗಿತ್ತು.

“ನೀವು ಸರಕಾರಿ ಆಫೀಸಿನ್ಯಾಗ ಇರೂವರು. ನೀವ ಹೇಳ್ರಿ, ಹಾಕಿಸಿದ್ರ ಏನ್ ತಪ್ಪರಿ?”

ನಾವು ಕಾಯಿದೆ ಹೇಳಿದೆವು. 2019ರ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ಗಾಡಿಯನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಅವರು ನಕ್ಕು ತಮ್ಮನ ಗಾಡಿಯ ಹೊಗೆ ಪರೀಕ್ಷೆಯ ಚೀಟಿಯ ಕಥೆ ಹೇಳಿದರು. ತಕರಾರಿಲ್ಲದೆ ಪಾಸಾಗಿತ್ತಂತೆ. ಆಗದೆ ಏನು? ಆ ಪರೀಕ್ಷೆ ಡೀಸೆಲ್ ಗಾಡಿಯ ಹೊಗೆ ಬೆಳಕನ್ನು ಎಷ್ಟು ತಡೆಯುತ್ತದೆಂದಷ್ಟೇ ಅಳೆಯುತ್ತದೆ. ನೈಟ್ರೋಜನ್ ಆಕ್ಸೈಡನ್ನು ಅದು ಕೇಳುವುದೇ ಇಲ್ಲ. ಚೀಟಿಗಳ ನಡುವೆಯೇ ಬಾಳುವ ನಮಗೆ ಇದಕ್ಕೆ ಉತ್ತರ ತೋಚಲಿಲ್ಲ.

ಆಮೇಲೆ ಬೇರೊಂದು ಮಾತು ಹೇಳಿದೆವು. ಪುಣೆಯಲ್ಲಿ ನಮ್ಮ ಮನೆ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಕಿಟಕಿಯ ಮೇಲಿನ ಮಸಿಯನ್ನಾದರೂ ಬಟ್ಟೆಯಿಂದ ಒರೆಸಬಹುದು. ಈ ಅನಿಲ ಕಣ್ಣಿಗೆ ಕಾಣದು, ಶ್ವಾಸನಾಳವನ್ನು ಕೆರಳಿಸುತ್ತದೆ. ಚಿಕ್ಕ ಮಗನಿಗೆ ಉಬ್ಬಸ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅದು ಖರೇ ಅದರಿ. ಹೊಗಿ ಯಾರಿಗೂ ಬ್ಯಾಡ. ಆದ್ರ ನಿನ್ನಿ ರಾತ್ರಿ ಹಿಂದಿಂದ ಒಂದು ಟ್ರಕ್ ಬಂದು ಬಡದಿದ್ರ, ನಿಮ್ಮ ಮಗನ ಮುಂದ ಯಾರ್ ಹೋಗಿ ನಿಲ್ಲಬೇಕಾಗಿತ್ತರಿ?”

ಈ ಗೋಳು ನಮ್ಮವರೊಬ್ಬರದೇ ಅಲ್ಲವೆಂದು ಆಮೇಲೆ ತಿಳಿಯಿತು. ಅಮೆರಿಕದಲ್ಲಿ ಸುಮಾರು ಹತ್ತು ವರ್ಷಗಳಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್ ಗಾಡಿಗಳ ಶುದ್ಧೀಕರಣ ವ್ಯವಸ್ಥೆಯನ್ನು ಕೆಡಿಸಿದ್ದಾರೆಂದು ಅಲ್ಲಿನ ಪರಿಸರ ಸಂರಕ್ಷಣಾ ಇಲಾಖೆಯೇ 2020ರಲ್ಲಿ ಅಂದಾಜು ಮಾಡಿತ್ತು. ಅದೇ ಇಲಾಖೆ 2025ರ ಆಗಸ್ಟಿನಲ್ಲಿ, ಯೂರಿಯಾ ತೀರಿದೊಡನೆ ಗಾಡಿ ಥಟ್ಟನೆ ಬಲಗುಂದದಂತೆ ತಂತ್ರಾಂಶವನ್ನು ತಿದ್ದಿರೆಂದು ತಯಾರಕರಿಗೆ ಸೂಚಿಸಿತು. ಅಂತೂ ಏರಿನಲ್ಲಿ ನಿಂತವನ ಕೂಗು ಅಲ್ಲಿ ಯಾರಿಗೋ ಕೇಳಿಸಿದೆ.

ಮಧ್ಯಾಹ್ನ ನಮಗೆ ಬರುವ ಒಂದೇ ವಿದ್ಯೆಯನ್ನು ಖರ್ಚು ಮಾಡಿದೆವು. ಢಾಬಾದ ಹೊರಸಿನ ಮೇಲೆ ಕುಳಿತು, ಗಾಡಿಯ ಕಂಪೆನಿಗೆ ಅವರ ಹೆಸರಿನಲ್ಲಿ ಒಂದು ಅರ್ಜಿ ಬರೆದೆವು: ಗಾಡಿ ಖಾತರಿಯ ಅವಧಿಯೊಳಗಿದೆ, ಒಂದೇ ವರ್ಷದಲ್ಲಿ ಇದು ಮೂರನೆಯ ಸಲ, ಹಿಂದಿನ ಎರಡು ಸಲವೂ ಸೆನ್ಸಾರು, ಘಾಟಿನ ನಡುವೆ ಶಕ್ತಿ ಕಡಿತವಾದದ್ದರಿಂದ ಪ್ರಾಣಾಪಾಯವಿತ್ತು. ಹಳೆಯ ಬಿಲ್ಲುಗಳ ನಕಲು ಲಗತ್ತಿಸಿದೆವು. ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ಸಹಿ ಹಾಕಿ, ಉತ್ತರ ಬರುವವರೆಗೆ ಡಬ್ಬಿ ಹಾಕಿಸುವುದಿಲ್ಲ ಎಂದರು.

ಕರಾಡ, ಕೊಲ್ಹಾಪುರ ಕಳೆದು ಕೊಗನೊಳ್ಳಿಯ ಸುಂಕದ ಕಟ್ಟೆ ದಾಟಿದಾಗ ರಾತ್ರಿಯಾಗಿತ್ತು. ದೀಪದ ಬೆಳಕಿಗೆ ಮೊದಲ ಕನ್ನಡ ಫಲಕ ಕಂಡಿತು. ಪ್ರತಿ ಸಲ ಅಲ್ಲಿ ನಮಗೆ ಏನೋ ಒಂದು ಸಡಿಲವಾದಂತಾಗುತ್ತದೆ. ಪರಊರಿನಲ್ಲಿರುವ ಓದುಗರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ತವಂದಿ ಘಾಟನ್ನು ಲಾರಿ ಸರಾಗವಾಗಿ ಹತ್ತಿತು. ಮಂಚದ ಒಂದು ಕಾಲು ತರಚಿದ್ದು ಬಿಟ್ಟರೆ ಸಾಮಾನೆಲ್ಲ ಕ್ಷೇಮವಾಗಿ ಧಾರವಾಡ ಮುಟ್ಟಿತು.

ಅರ್ಜಿಗೆ ಉತ್ತರ ಬರಲಿಲ್ಲ. ಎರಡು ನೆನಪೋಲೆ ಬರೆದುಕೊಟ್ಟೆವು. ಹೋದ ತಿಂಗಳು ಅವರು ಫೋನು ಮಾಡಿದ್ದರು. ಹಿಂದೆ ಗಾಡಿಗಳ ಕೂಗು ಕೇಳಿಸುತ್ತಿತ್ತು.

“ಸಾಹೇಬ್ರ, ಮತ್ತ ದೀಪ ಹತ್ತೇದರಿ. ಖಂಬಾಟಕಿ ಇನ್ನ ಮುಂದ ಅದ. ಇನ್ನೊಂದು ಅರ್ಜಿ ಬರೀತೀರೇನು?”