ಸೂಚ್ಯಂಕ ಏರಿದರೆ ಸುಖವೂ ಏರೀತೇ?

ದುಡ್ಡಿನ ವಿಚಾರದಲ್ಲಿ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ‘ದುಡ್ಡಿದ್ದರೆ ದುನಿಯಾ’ ಎಂಬುದು ಒಂದು; ‘ದುಡ್ಡಲ್ಲ, ನೆಮ್ಮದಿ ಮುಖ್ಯ’ ಎಂಬುದು ಇನ್ನೊಂದು. ಬೆಳಿಗ್ಗೆ ಒಂದನ್ನು ಹೇಳಿದವರೇ ಸಂಜೆ ಇನ್ನೊಂದನ್ನು ಹೇಳುವುದೂ ಉಂಟು. ಷೇರುಪೇಟೆಯ ಮಾತು ಬಂದರಂತೂ ಈ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಹಿರಿಯರು ‘ಅದು ಜೂಜು, ನಮಗೆ ಬೇಡ’ ಎಂದು ಕೈಮುಗಿಯುತ್ತಾರೆ. ಕಿರಿಯರು ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಖಾತೆ ತೆರೆದು, ‘ಇದೇನು ಮಹಾ ವಿದ್ಯೆ ಸರ್?’ ಎನ್ನುತ್ತಾರೆ. ನಾನು ಅರ್ಥಶಾಸ್ತ್ರ ಓದಿದವನಲ್ಲ. ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಂದ ವಿಜ್ಞಾನ ಪಾಠ ಹೇಳುತ್ತಿರುವವನು. ಆದರೂ ಈ ಎರಡು ಮಾತುಗಳ ನಡುವೆ ಮಕ್ಕಳಿಗೆ ಹೇಳಬೇಕಾದ ಒಂದು ಸರಳ ವಿಜ್ಞಾನವಿದೆ ಎಂದು ನನಗೆ ಅನಿಸಿದೆ.

ಮೊದಲು ಷೇರು ಎಂದರೇನು ನೋಡೋಣ. ಊರಿನ ಹತ್ತು ಮಂದಿ ಸೇರಿ ಒಂದು ಅಕ್ಕಿ ಗಿರಣಿ ಹಾಕಿದರು ಎಂದುಕೊಳ್ಳಿ. ಪ್ರತಿಯೊಬ್ಬನಿಗೂ ಹತ್ತರಲ್ಲಿ ಒಂದು ಪಾಲು. ಗಿರಣಿಗೆ ಲಾಭ ಬಂದರೆ ಅದರಲ್ಲೂ ಪಾಲು, ನಷ್ಟವಾದರೆ ಅದರಲ್ಲೂ ಪಾಲು. ಒಬ್ಬನಿಗೆ ಮಗಳ ಮದುವೆಗೆ ದುಡ್ಡು ಬೇಕಾಗಿ ತನ್ನ ಪಾಲನ್ನು ಮಾರಹೊರಟರೆ, ಕೊಳ್ಳುವವನು ಗಿರಣಿಯನ್ನು ಮಾತ್ರ ನೋಡುವುದಿಲ್ಲ. ಮಾರುವವನ ಅವಸರವನ್ನೂ ನೋಡುತ್ತಾನೆ. ಆ ದಿನ ಅವರಿಬ್ಬರ ನಡುವೆ ಕುದುರಿದ ಬೆಲೆಯೇ ಪಾಲಿನ ಬೆಲೆ. ಷೇರುಪೇಟೆಯಲ್ಲಿ ನಡೆಯುವುದೂ ಇಷ್ಟೇ. ಗಿರಣಿಯ ಬದಲು ಕಂಪೆನಿ, ಹತ್ತು ಪಾಲಿನ ಬದಲು ಕೋಟಿಗಟ್ಟಲೆ ಪಾಲು. ಬೆಲೆಯೊಳಗೆ ಕಂಪೆನಿಯ ಯೋಗ್ಯತೆಯೂ ಇದೆ, ಜನರ ಅವಸರ, ಆಸೆ, ಅಂಜಿಕೆಗಳೂ ಇವೆ. ಯೋಗ್ಯತೆ ಬದಲಾಗಲು ವರ್ಷಗಳು ಬೇಕು. ಆಸೆ, ಅಂಜಿಕೆಗಳು ಗಳಿಗೆಗೊಮ್ಮೆ ಬದಲಾಗುತ್ತವೆ.

1992ರ ಬೇಸಿಗೆ ನನಗೆ ಚೆನ್ನಾಗಿ ನೆನಪಿದೆ. ಆಗ ನಾನು ಬಿ.ಇಡಿ. ಓದುತ್ತಿದ್ದೆ. ಷೇರಿನ ಹೆಸರನ್ನೇ ಕೇಳದವರೂ ಹೋಟೆಲಿನ ಬೆಂಚಿನ ಮೇಲೆ ಕುಳಿತು ಸಿಮೆಂಟ್ ಕಂಪೆನಿಯ ಷೇರಿನ ಬಗ್ಗೆ ಚರ್ಚಿಸುತ್ತಿದ್ದ ಕಾಲ. ಮುಂಬೈ ಷೇರುಪೇಟೆಯ ಸೂಚ್ಯಂಕ ಆ ಏಪ್ರಿಲ್‌ನಲ್ಲಿ 4,467ಕ್ಕೆ ಏರಿತ್ತು. ಅದೇ ತಿಂಗಳು ಹರ್ಷದ್ ಮೆಹ್ತಾ ಹಗರಣ ಬಯಲಾಯಿತು. ಬ್ಯಾಂಕುಗಳ ಹಣ ಅಡ್ಡದಾರಿಯಲ್ಲಿ ಷೇರುಪೇಟೆಗೆ ಹರಿದು ಬೆಲೆಯನ್ನು ಉಬ್ಬಿಸಿತ್ತು ಎಂದು ತಿಳಿದೊಡನೆ ಪೇಟೆ ಕುಸಿಯಿತು. ಮರುವರ್ಷದ ಹೊತ್ತಿಗೆ ಸೂಚ್ಯಂಕ ಹೆಚ್ಚುಕಡಿಮೆ ಅರ್ಧಕ್ಕೆ ಬಂದಿತ್ತು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ‘ಷೇರು ಎಂದರೆ ಜೂಜು’ ಎಂಬ ಮಾತು ಬೇರುಬಿಟ್ಟದ್ದು ಆಗಲೇ. ಆ ಅಂಜಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, 1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ ತನ್ನ ಷೇರನ್ನು 95 ರೂಪಾಯಿಗೆ ಸಾರ್ವಜನಿಕರ ಮುಂದಿಟ್ಟಾಗ ಕೊಳ್ಳುವವರೇ ಸಾಲದೆ ಹೋದರು. ಹಿಂದಿನ ವರ್ಷ ಸಿಕ್ಕಿದ್ದಕ್ಕೆಲ್ಲ ಮುಗಿಬಿದ್ದಿದ್ದ ಪೇಟೆ ಈಗ ಒಳ್ಳೆಯ ಕಂಪೆನಿಗೂ ಬೆನ್ನು ತಿರುಗಿಸಿತ್ತು.

ಇನ್ನು ಉದ್ದದ ಲೆಕ್ಕ ನೋಡಿ. ಸೆನ್ಸೆಕ್ಸ್ ಎಂದು ಕರೆಯುವ ಈ ಸೂಚ್ಯಂಕವು 30 ದೊಡ್ಡ ಕಂಪೆನಿಗಳ ಷೇರು ಬೆಲೆಯ ಅಳತೆ. 1978–79ರ ಬೆಲೆಯನ್ನು 100 ಎಂದಿಟ್ಟುಕೊಂಡು ಇದನ್ನು ಲೆಕ್ಕಹಾಕುತ್ತಾರೆ. 2024ರ ಜುಲೈನಲ್ಲಿ ಅದು 80,000 ದಾಟಿತು. 45 ವರ್ಷಗಳಲ್ಲಿ 800 ಪಟ್ಟು. ಚಕ್ರಬಡ್ಡಿಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು ಶೇ 16. ಆದರೆ ದಾರಿ ಸಲೀಸಾಗಿರಲಿಲ್ಲ. 2008ರ ಜನವರಿಯಲ್ಲಿ 21,000 ಮುಟ್ಟಿದ್ದು ಅದೇ ಅಕ್ಟೋಬರ್‌ನಲ್ಲಿ 8,000ಕ್ಕೂ ಕೆಳಗೆ ಇಣುಕಿತು. 2020ರ ಮಾರ್ಚ್ 23ರಂದು, ಕೊರೊನಾ ಭೀತಿಯಲ್ಲಿ, ಒಂದೇ ದಿನ ಶೇ 13ರಷ್ಟು ಬಿದ್ದು 26,000ದ ಆಸುಪಾಸಿಗೆ ಬಂತು. ಹತ್ತು ತಿಂಗಳ ನಂತರ 50,000 ಮುಟ್ಟಿತು. ಇಷ್ಟೆಲ್ಲ ಏರಿಳಿತದ ನಡುವೆ ಮನುಷ್ಯನ ಮನಸ್ಸು ಏನಾಗುತ್ತದೆ? ನನಗೆ ಕುತೂಹಲವಿರುವುದು ಅಲ್ಲಿ.

ಈ ಕುತೂಹಲ ಚಿಂತೆಯಾಗಿ ಬದಲಾದದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಗಣಿತದಲ್ಲಿ ಚುರುಕಾಗಿದ್ದ ಹುಡುಗ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೇರಿದ್ದ. ತಂದೆಗೆ ಎರಡೆಕರೆ ಅಡಿಕೆ ತೋಟ. ಅಡಿಕೆ ಮಾರಿ ಎರಡನೇ ವರ್ಷದ ಫೀಸಿಗೂ ಹಾಸ್ಟೆಲಿಗೂ ಕಳಿಸಿದ್ದ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿಯನ್ನು ಅವನು ನಾಲ್ಕು ತಿಂಗಳಲ್ಲಿ ‘ಆಪ್ಷನ್ಸ್’ ವ್ಯವಹಾರದಲ್ಲಿ ಕಳೆದಿದ್ದ. ರಜೆಯಲ್ಲಿ ಒಂದು ಭಾನುವಾರ ತಂದೆಯೇ ಅವನನ್ನು ನಮ್ಮ ಮನೆಗೆ ಕರೆತಂದರು. ‘ಮೇಷ್ಟ್ರೇ, ನಾನು ಬೈಯೋದಿಲ್ಲ. ಬೈದರೆ ಹುಡುಗ ಏನು ಮಾಡ್ಕೊಳ್ತಾನೋ ಅಂತ ಭಯ. ನೀವೇ ಏನಾದರೂ ಹೇಳಿ’ ಎಂದರು. ಹುಡುಗ ತಲೆ ಎತ್ತಲಿಲ್ಲ. ಬಹಳ ಹೊತ್ತಾದ ಮೇಲೆ ಒಂದು ಮಾತು ಹೇಳಿದ: ‘ಸರ್, ಸೋತ ದಿನ ನಿದ್ದೆ ಬರ್ತಿರಲಿಲ್ಲ. ಗೆದ್ದ ದಿನಾನೂ ಬರ್ತಿರಲಿಲ್ಲ. ಇನ್ನೂ ಜಾಸ್ತಿ ಹಾಕಬೇಕಿತ್ತು ಅನ್ನಿಸ್ತಿತ್ತು.’

ಉಪದೇಶ ಮಾಡುವ ಹೊತ್ತು ಅದಲ್ಲ. ಒಂದು ಗ್ರಾಫ್ ಹಾಳೆ, ಒಂದು ರೂಪಾಯಿ ನಾಣ್ಯ ಕೊಟ್ಟು, ‘ನೂರು ಸಲ ಚಿಮ್ಮಿಸು. ತಲೆ ಬಿದ್ದರೆ ಒಂದು ಚೌಕ ಮೇಲೆ, ಬಾಲ ಬಿದ್ದರೆ ಒಂದು ಚೌಕ ಕೆಳಗೆ ಗೆರೆ ಎಳೆ’ ಎಂದೆ. ಒಂಬತ್ತನೇ ತರಗತಿಯಲ್ಲಿ ನಾನು ಪ್ರತಿ ವರ್ಷ ಮಾಡಿಸುವ ಪ್ರಯೋಗ ಅದು. ಅಪ್ಪ ಎಣಿಸಿದರು, ಮಗ ಗೆರೆ ಎಳೆದ. ಗೆರೆ ಮುಗಿದಾಗ ಅಪ್ಪ ಕನ್ನಡಕ ಸರಿಪಡಿಸಿಕೊಂಡು, ‘ಇದು ಶಿವಮೊಗ್ಗ ಮಂಡಿ ರೇಟಿನ ಹಾಗೇ ಇದೆಯಲ್ಲ!’ ಎಂದರು. ಹುಡುಗ ಮೊದಲ ಸಲ ನಕ್ಕ. ಅವನು ರಾತ್ರಿಯೆಲ್ಲ ಮೊಬೈಲಿನಲ್ಲಿ ದಿಟ್ಟಿಸುತ್ತಿದ್ದ ನಕ್ಷೆಗಳಲ್ಲಿದ್ದಂಥ ಶಿಖರ, ಕಣಿವೆ, ‘ಇನ್ನು ಏರುತ್ತದೆ’ ಎನಿಸುವ ತಿರುವು ಎಲ್ಲವೂ ನಾಣ್ಯದ ಗೆರೆಯಲ್ಲಿ ಇದ್ದವು. ನಾಣ್ಯಕ್ಕೆ ಮಾತ್ರ ಯಾವ ಉದ್ದೇಶವೂ ಇರಲಿಲ್ಲ.

ಇದು ನನ್ನ ಕಲ್ಪನೆಯಲ್ಲ. 1827ರಲ್ಲಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ, ಪರಾಗದಿಂದ ಹೊರಬಿದ್ದ ಅತಿ ಸಣ್ಣ ಕಣಗಳು ನೀರಿನಲ್ಲಿ ಗೊತ್ತುಗುರಿಯಿಲ್ಲದೆ ಕುಣಿಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಕಣ್ಣಿಗೆ ಕಾಣದ ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುವುದರಿಂದ ಹೀಗಾಗುತ್ತದೆ ಎಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕಹಾಕಿ ತೋರಿಸಿದ. ಅಚ್ಚರಿಯೆಂದರೆ, ಅದಕ್ಕೂ ಐದು ವರ್ಷ ಮೊದಲು, 1900ರಲ್ಲಿ, ಲೂಯಿ ಬಶೆಲಿಯೆ ಎಂಬ ತರುಣ ಪ್ಯಾರಿಸ್‌ನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಅದೇ ಬಗೆಯ ಗಣಿತವಿತ್ತು. ಅವನ ವಿಷಯ ಪರಾಗವಲ್ಲ, ಷೇರುಪೇಟೆಯ ಬೆಲೆ! ಸಾವಿರಾರು ಜನ ಕೊಳ್ಳುವ, ಮಾರುವ ಗುದ್ದಿನಲ್ಲಿ ಬೆಲೆಯೂ ಆ ಕಣದಂತೆಯೇ ಅತ್ತಿತ್ತ ಓಲಾಡುತ್ತದೆ. ನಿಜವಾದ ಪೇಟೆ ನಾಣ್ಯಕ್ಕಿಂತ ಒರಟು. ನಾಣ್ಯದ ಲೆಕ್ಕ ಹೇಳುವುದಕ್ಕಿಂತ ಹೆಚ್ಚು ಸಲ ದೊಡ್ಡ ಕುಸಿತಗಳು ಅಲ್ಲಿ ಬರುತ್ತವೆ.

ಹಾಗಾದರೆ 800 ಪಟ್ಟು ಏರಿದ್ದು ಹೇಗೆ? ಕುಣಿಯುವ ಕಣ ನಿಂತ ನೀರಿನಲ್ಲಿಲ್ಲ, ನಿಧಾನವಾಗಿ ಹರಿಯುವ ನೀರಿನಲ್ಲಿದೆ ಎಂದುಕೊಳ್ಳಿ. ಕಂಪೆನಿಗಳು ಹೊಸ ಕಾರ್ಖಾನೆ ಕಟ್ಟುತ್ತವೆ, ಸರಕು ಮಾರುತ್ತವೆ, ಲಾಭ ಗಳಿಸುತ್ತವೆ. ಆ ಹರಿವು ಬೆಲೆಯನ್ನು ನಿಧಾನವಾಗಿ ಒಯ್ಯುತ್ತದೆ. ಈಗ ಲೆಕ್ಕ ನೋಡಿ. ನಾಣ್ಯವನ್ನು 100 ಸಲ ಚಿಮ್ಮಿಸಿದರೆ ಗೆರೆ ಹೊರಟ ಜಾಗದಿಂದ ಸಾಮಾನ್ಯವಾಗಿ 10 ಚೌಕದಷ್ಟು ದೂರ ಹೋಗಿರುತ್ತದೆ. 10,000 ಸಲ ಚಿಮ್ಮಿಸಿದರೆ 100 ಚೌಕದಷ್ಟು. ಅಂದರೆ ಕುಣಿತ ಬೆಳೆಯುವುದು ವರ್ಗಮೂಲದ ಲೆಕ್ಕದಲ್ಲಿ. ಆದರೆ ಹರಿವು 100 ಹೆಜ್ಜೆಗೆ 5 ಚೌಕ ಒಯ್ದರೆ 10,000 ಹೆಜ್ಜೆಗೆ 500 ಚೌಕ ಒಯ್ಯುತ್ತದೆ. ಮೊದಲಿಗೆ 10ರ ಕುಣಿತದಲ್ಲಿ 5ರ ಹರಿವು ಮುಚ್ಚಿಹೋಗುತ್ತದೆ. ಕೊನೆಗೆ 500ರ ಹರಿವಿನ ಮುಂದೆ 100ರ ಕುಣಿತ ಸಣ್ಣದು. ದಿನದ ಬೆಲೆಯಲ್ಲಿ ಕಾಣುವುದು ಬಹುಪಾಲು ಕುಣಿತ. ಹರಿವು ಕಾಣಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಇಷ್ಟು ವಿವರಿಸಿದಾಗ ಹುಡುಗನ ತಂದೆ ಹೇಳಿದರು: ‘ಸಸಿ ನೆಟ್ಟು ಐದಾರು ವರ್ಷ ಕಾದ ಮೇಲೇ ಅಡಿಕೆ ಕೈಗೆ ಬರೋದು. ಇವತ್ತು ರೇಟು ಬಿತ್ತು ಅಂತ ಯಾರಾದರೂ ಮರ ಕಡೀತಾರಾ ಮೇಷ್ಟ್ರೇ?’

ಸುಖದ ಪ್ರಶ್ನೆಗೆ ಈಗ ಬರೋಣ. 1979ರಲ್ಲಿ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು ಒಂದು ವಿಷಯವನ್ನು ಎತ್ತಿ ತೋರಿಸಿದರು. ನೂರು ರೂಪಾಯಿ ಸಿಕ್ಕಿದ ಸಂತೋಷಕ್ಕಿಂತ ನೂರು ರೂಪಾಯಿ ಕಳೆದ ಸಂಕಟ ದೊಡ್ಡದು. ಆಮೇಲಿನ ಅಳತೆಗಳ ಪ್ರಕಾರ ಸುಮಾರು ಎರಡು ಪಟ್ಟು. ಕಾನಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಈ ಮಾತನ್ನು ನಾಣ್ಯದ ಗೆರೆಗೆ ಸೇರಿಸಿ. ನೂರು ದಿನಗಳಲ್ಲಿ 53 ದಿನ ಬೆಲೆ ಏರಿತು, 47 ದಿನ ಇಳಿಯಿತು ಎಂದಿಟ್ಟುಕೊಳ್ಳೋಣ. ಏರಿದ ದಿನಕ್ಕೆ ಒಂದು ಅಂಕ ಸಂತೋಷ, ಇಳಿದ ದಿನಕ್ಕೆ ಎರಡು ಅಂಕ ದುಃಖ. ಸಂತೋಷ 53, ದುಃಖ 94. ಕೈಯಲ್ಲಿನ ಹಣ ಬೆಳೆದಿದೆ, ಮನಸ್ಸು ಮಾತ್ರ 41 ಅಂಕ ಸಾಲದಲ್ಲಿದೆ! ವರ್ಷಕ್ಕೊಮ್ಮೆ ನೋಡಿದವನಿಗೆ ಅದೇ ಹಣ ಬಹಳಷ್ಟು ವರ್ಷ ಏರಿಕೆಯನ್ನೇ ತೋರಿಸುತ್ತದೆ. ಹಣ ಒಂದೇ, ಪೇಟೆ ಒಂದೇ. ಇಣುಕಿ ನೋಡುವ ಚಟವೊಂದೇ ಬೇರೆ.

ಗೆದ್ದ ದಿನವೂ ಆ ಹುಡುಗನಿಗೆ ನಿದ್ದೆ ಬಾರದ್ದಕ್ಕೆ ಇನ್ನೊಂದು ಕಾರಣವಿದೆ. ಒಂದು ಕಿಲೋ ಅಕ್ಕಿಯ ಚೀಲ ಹಿಡಿದವನಿಗೆ ನೂರು ಗ್ರಾಂ ಸೇರಿಸಿದರೆ ಗೊತ್ತಾಗುತ್ತದೆ. ಹತ್ತು ಕಿಲೋ ಹಿಡಿದವನಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಇಂದ್ರಿಯಗಳು ಹೆಚ್ಚಳವನ್ನು ಇರುವುದರ ಜೊತೆ ಹೋಲಿಸಿಯೇ ಅಳೆಯುತ್ತವೆ ಎಂಬುದನ್ನು ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಅರ್ನ್‌ಸ್ಟ್ ವೇಬರ್ ಪ್ರಯೋಗಗಳಿಂದ ಕಂಡುಕೊಂಡ. ದುಡ್ಡಿನ ಸಂತೋಷವೂ ಹಾಗೆಯೇ. ಮೊದಲ ಸಾವಿರದ ಖುಷಿ ಮತ್ತೆ ಬೇಕೆಂದರೆ ಮುಂದಿನ ಸಲ ಹತ್ತು ಸಾವಿರ ಬೇಕು. ಸೂಚ್ಯಂಕಕ್ಕೆ ಮೇಲ್ಮಿತಿಯಿಲ್ಲ, ಅದರ ಹಿಂದೆ ಓಡುವ ಮನಸ್ಸಿಗೆ ವಿಶ್ರಾಂತಿಯೂ ಇಲ್ಲ.

ಬುದ್ಧಿ ಹೆಚ್ಚಿದ್ದರೆ ಇದರಿಂದ ಪಾರಾಗಬಹುದೇ? ನ್ಯೂಟನ್‌ಗಿಂತ ಬುದ್ಧಿವಂತರು ಯಾರು? 1720ರಲ್ಲಿ ಲಂಡನ್ನಿನ ಸೌತ್ ಸೀ ಕಂಪೆನಿಯ ಷೇರನ್ನು ಆತ ಲಾಭಕ್ಕೆ ಮಾರಿದ. ಬೆಲೆ ಇನ್ನೂ ಏರುತ್ತಿದ್ದುದನ್ನು ನೋಡಲಾರದೆ ದುಬಾರಿ ಬೆಲೆಗೆ ಮತ್ತೆ ಕೊಂಡ. ಗುಳ್ಳೆ ಒಡೆದಾಗ ಭಾರೀ ಹಣ ಕಳೆದುಕೊಂಡ. ಗ್ರಹಗಳ ಚಲನೆಗೆ ನಿಯಮ ಕಂಡುಹಿಡಿದವನಿಗೂ ಪಕ್ಕದವನ ಲಾಭ ನೋಡಿ ಸುಮ್ಮನಿರಲು ಆಗಲಿಲ್ಲ.

ಆಪ್ಷನ್ಸ್ ಬಗ್ಗೆ ಪೋಷಕರು ತಿಳಿದಿರಲೇಬೇಕು. ಅದು ಕಂಪೆನಿಯ ಪಾಲಲ್ಲ. ಇಂತಿಷ್ಟು ದಿನದೊಳಗೆ ಬೆಲೆ ಇಂಥ ಕಡೆ ಹೋಗುತ್ತದೆ ಎಂಬುದರ ಮೇಲೆ ಕಟ್ಟುವ ಹಣ. ಒಬ್ಬ ಗಳಿಸಿದ್ದು ಇನ್ನೊಬ್ಬ ಕಳೆದದ್ದೇ. ದಲ್ಲಾಳಿ ಶುಲ್ಕ, ತೆರಿಗೆ ಬೇರೆ. ಇಲ್ಲಿ ಅವಧಿ ಚಿಕ್ಕದು, ಆದ್ದರಿಂದ ಹರಿವು ಕೈಹಿಡಿಯುವುದಿಲ್ಲ, ಕುಣಿತ ಮಾತ್ರ ಉಳಿಯುತ್ತದೆ. ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ಗೆ ಇಳಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದರು. ಸರಾಸರಿ ನಷ್ಟ ತಲಾ ಸುಮಾರು 2 ಲಕ್ಷ ರೂಪಾಯಿ. ನೂರು ಮಕ್ಕಳಲ್ಲಿ 93 ಮಂದಿ ಫೇಲಾಗುವ ಪರೀಕ್ಷೆಗೆ ಯಾವ ತಂದೆತಾಯಿ ಮಗನನ್ನು ಕೂರಿಸುತ್ತಾರೆ?

ಹಾಗೆಂದು ಸುಮ್ಮನೆ ಷೇರು ಕೊಂಡಿಟ್ಟರೆ ಎಲ್ಲವೂ ಬೆಳೆಯುತ್ತದೆ ಎಂದೂ ಅಲ್ಲ. ಸತ್ಯಂ ಕಂಪೆನಿಯ ಲೆಕ್ಕದ ವಂಚನೆ 2009ರ ಜನವರಿಯಲ್ಲಿ ಬಯಲಾದಾಗ ಅದರ ಷೇರು ಒಂದೇ ದಿನ ಮುಕ್ಕಾಲು ಪಾಲು ಬೆಲೆ ಕಳೆದುಕೊಂಡಿತು. ಸೂಚ್ಯಂಕ ಬೆಳೆಯುವುದಕ್ಕೆ ಸೋತ ಕಂಪೆನಿಗಳನ್ನು ಪಟ್ಟಿಯಿಂದ ತೆಗೆದು ಹೊಸದನ್ನು ಸೇರಿಸುವುದೂ ಒಂದು ಕಾರಣ. ಆದ್ದರಿಂದಲೇ ಒಂದೇ ಕಂಪೆನಿಯನ್ನು ನೆಚ್ಚದೆ ಹಲವು ಕಡೆ ಹಂಚುವುದು, ಹತ್ತು ವರ್ಷ ಬೇಕಾಗದ ಹಣವನ್ನು ಮಾತ್ರ ಹಾಕುವುದು, ಫೀಸಿನ ಹಣ, ಸಾಲದ ಹಣ, ಆಸ್ಪತ್ರೆಗೆ ಬೇಕಾದ ಹಣವನ್ನು ಬ್ಯಾಂಕಿನಲ್ಲೇ ಇಡುವುದು ಎಂಬ ಹಳೆಯ ಮಾತುಗಳು ಇಂದಿಗೂ ಹಳತಾಗಿಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಯೋಜನೆ ತಂದು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು. ಆದರೆ ಸ್ವಲ್ಪ ಸ್ವಲ್ಪವೇ, ತಪ್ಪದೆ, ಬಹಳ ಕಾಲ ಎಂಬ ಅದರ ಗುಟ್ಟು ಷೇರಿಗೂ ಅನ್ವಯಿಸುತ್ತದೆ.

ನನ್ನ ಮಟ್ಟಿಗೆ ಹೇಳುವುದಾದರೆ, ಸಂಬಳದಲ್ಲಿ ಜಿ.ಪಿ.ಎಫ್., ಕೆ.ಜಿ.ಐ.ಡಿ. ಕಳೆದು ಉಳಿದುದರಲ್ಲಿ ಸಣ್ಣ ಮೊತ್ತವೊಂದು ತಿಂಗಳು ತಿಂಗಳು ಸೂಚ್ಯಂಕದ ಮ್ಯೂಚುವಲ್ ಫಂಡಿಗೆ ಹೋಗುತ್ತದೆ. ಮಾರ್ಚ್‌ನಲ್ಲಿ ಆದಾಯ ತೆರಿಗೆಯ ಲೆಕ್ಕ ಬರೆಯುವಾಗ ಒಮ್ಮೆ ನೋಡುತ್ತೇನೆ. ಉಳಿದ ದಿನಗಳಲ್ಲಿ ನನ್ನ ಸಂತೋಷಗಳು ಬೇರೆ. ತೆಳುಮಾಡಿದ ಹಾಲಿನ ಹನಿಯಲ್ಲಿ ಕೊಬ್ಬಿನ ಕಣಗಳು ನಡುಗುವುದನ್ನು ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ಕಂಡ ಹುಡುಗಿ ‘ಅಯ್ಯೋ, ಜೀವ ಇದೆ ಸರ್!’ ಎಂದು ಕೂಗಿದಾಗ ಆಗುವ ಖುಷಿಗೆ ವೇಬರನ ನಿಯಮ ಅನ್ವಯಿಸುವಂತೆ ಕಾಣುವುದಿಲ್ಲ. ಮೂವತ್ತು ವರ್ಷವಾದರೂ ಅದು ಕಡಿಮೆಯಾಗಿಲ್ಲ.

ಆ ಹುಡುಗನ ತಂದೆ ಫೀಸಿಗಾಗಿ ಸೊಸೈಟಿಯಲ್ಲಿ ಸಾಲ ಮಾಡಿದರು. ಸಾಲ ಇನ್ನೂ ತೀರಿಲ್ಲ. ಹುಡುಗ ಓದು ಮುಂದುವರಿಸಿದ್ದಾನೆ, ರಜೆಗೆ ಬಂದಾಗ ತೋಟದಲ್ಲಿ ಅಪ್ಪನ ಜೊತೆ ಕೆಲಸ ಮಾಡುತ್ತಾನೆ. ಅವರ ಮನೆ ಉಳಿದದ್ದು ಅಪ್ಪ ಅಂದು ಬೈಯದೆ ಇದ್ದುದರಿಂದ, ಮಗ ಮುಚ್ಚಿಡದೆ ಹೇಳಿದ್ದರಿಂದ ಎಂದು ನಾನು ನಂಬಿದ್ದೇನೆ.

ಪೋಷಕರೇ, ‘ಷೇರು ಜೂಜು’ ಎಂದು ಬಾಗಿಲು ಹಾಕಿಕೊಂಡರೆ ಮಕ್ಕಳು ಕಿಟಕಿಯಿಂದ ಹೋಗುತ್ತಾರೆ. ಜೊತೆಗೆ ಕುಳಿತು ಲೆಕ್ಕ ಮಾಡಿ. ವಿದ್ಯಾರ್ಥಿಗಳೇ, ನೀವು ದುಡಿಯುವ ತನಕ ಪೇಟೆ ಎಲ್ಲಿಗೂ ಓಡಿಹೋಗುವುದಿಲ್ಲ. ಅಷ್ಟರಲ್ಲಿ ಒಂದು ಭಾನುವಾರ ಮನೆಯವರೆಲ್ಲ ಕುಳಿತು ನಾಣ್ಯವನ್ನು ನೂರು ಸಲ ಚಿಮ್ಮಿಸಿ, ಗೆರೆ ಎಳೆದು ನೋಡಿ. ಮುಂದಿನ ಚೌಕ ಮೇಲೋ ಕೆಳಗೋ ಎಂದು ಮೊದಲೇ ಹೇಳಲು ಪ್ರಯತ್ನಿಸಿ. ಖರ್ಚು ಒಂದು ಗ್ರಾಫ್ ಹಾಳೆ ಮಾತ್ರ.