ಮೂರು ತಾರಸಿ, ಒಂದೇ ಆಕಾಶ

ಗ್ರಹಗಳನ್ನು ನೋಡಲು ದುರ್ಬೀನು ಬೇಕು, ದೊಡ್ಡ ಊರಿನ ತಾರಾಲಯಕ್ಕೆ ಹೋಗಬೇಕು ಎಂದೇ ನಾನು ತಿಳಿದಿದ್ದೆ. ಮನೆಯ ತಾರಸಿ ಸಾಕೆಂದು ಗೊತ್ತಾದದ್ದು 2020ರ ಡಿಸೆಂಬರಿನಲ್ಲಿ.

ಕೊರೋನಾದಿಂದ ಶಾಲೆ ಮುಚ್ಚಿತ್ತು. ಮಗಳು ದಿನವಿಡೀ ಮೊಬೈಲ್ ಹಿಡಿದು ಕೂರುತ್ತಿದ್ದಳು. ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ, ಒಣಗಿದ ಬಟ್ಟೆ ತರಲು ಇಬ್ಬರೂ ಮಂಡ್ಯದ ನಮ್ಮ ಮನೆಯ ತಾರಸಿಗೆ ಹೋದೆವು. ನೈಋತ್ಯದಲ್ಲಿ ಎರಡು ಚುಕ್ಕಿಗಳು ಒಂದಕ್ಕೊಂದು ತಾಗುವಂತಿದ್ದವು. ಹೆಚ್ಚು ಹೊಳೆಯುವುದು ಗುರು, ಇನ್ನೊಂದು ಶನಿ.

"ಅಮ್ಮೀ, ಇದಕ್ಕೇನಾ ಎಲ್ಲರೂ ಹೆದರೋದು?" ಎಂದು ಮಗಳು ಕೇಳಿದಳು.

ಆ ತಿಂಗಳ 21ರಂದು ಅವೆರಡೂ ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ಸಮೀಪ ಕಂಡವು. 1623ರ ನಂತರ ಅಷ್ಟು ಸಮೀಪ ಬಂದದ್ದು ಅದೇ ಮೊದಲು. ನಿಜದಲ್ಲಿ ಅವುಗಳ ನಡುವೆ 70 ಕೋಟಿ ಕಿಲೋಮೀಟರಿಗೂ ಹೆಚ್ಚು ಅಂತರವಿತ್ತು! ಗುರು ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ಬೇಕು, ಶನಿಗೆ ಸುಮಾರು 29. ಆದ್ದರಿಂದ 20 ವರ್ಷಕ್ಕೊಮ್ಮೆ ಗುರು ಶನಿಯನ್ನು ದಾಟಿ ಹೋಗುತ್ತದೆ. ಈ ಲೆಕ್ಕದಲ್ಲಿ ನಮ್ಮ ಹೆಣ್ಣುಮಕ್ಕಳ ಮದುವೆ, ಕಾಯಿಲೆಯ ಮಾತೆಲ್ಲಿದೆ?

ಆ ವಾರವೇ ತವರಿಗೆ ಹೊರಟೆವು. ದಾರಿಯಲ್ಲಿ ಮದ್ದೂರಿನ ಆಪಾ ಮನೆಯಲ್ಲಿ ಒಂದು ರಾತ್ರಿ ಉಳಿದೆವು. ಹೆದ್ದಾರಿಯ ದೀಪಗಳಿಗೆ ಸಣ್ಣ ನಕ್ಷತ್ರಗಳೆಲ್ಲ ಮರೆಯಾಗಿದ್ದರೂ ಗ್ರಹಗಳೆರಡೂ ಕಂಡವು. ವಡೆ ಕರಿಯುತ್ತಿದ್ದ ಆಪಾ ಒಲೆ ಆರಿಸಿ ಮೇಲೆ ಬಂದರು.

ಮರುದಿನ ಮಳವಳ್ಳಿ. 1902ರಲ್ಲಿ ಕೋಲಾರದ ಗಣಿಗೆ ವಿದ್ಯುತ್ ಕಳಿಸಿದ ಶಿವನಸಮುದ್ರ ಇದೇ ತಾಲ್ಲೂಕಿನದು. ಆದರೆ ಆ ಬೆಳಗಿನ ಜಾವ ನಮ್ಮ ಬೀದಿಯಲ್ಲಿ ಕರೆಂಟಿರಲಿಲ್ಲ. ಫಜ್ರ್‌ಗೆ ಎದ್ದ ನನ್ನ ಅಮ್ಮಿ ಮೊಮ್ಮಗಳನ್ನು ತಾರಸಿಗೆ ಕರೆದೊಯ್ದು ಪೂರ್ವಕ್ಕೆ ಕೈ ತೋರಿದರು.

"ನೋಡು, ಝೊಹ್ರಾ. ಅಕ್ಕಪಕ್ಕದವರು ಬೆಳ್ಳಿ ಅಂತಾರೆ. ಗಡಿಯಾರ ಇಲ್ಲದಾಗ ಇದನ್ನು ನೋಡಿಯೇ ಒಲೆ ಹಚ್ಚುತ್ತಿದ್ದೆ. ಕೆಲವು ತಿಂಗಳು ಸಂಜೆಯ ಕಡೆಗೆ ಹೋಗಿಬಿಡುತ್ತೆ. ನಡುರಾತ್ರಿ ನೆತ್ತಿಯ ಮೇಲೆ ಮಾತ್ರ ಎಂದೂ ಬರಲ್ಲ."

ಮಗಳು ಬೆರಗಾದಳು. ಶುಕ್ರನ ಕಕ್ಷೆ ಭೂಮಿಗಿಂತ ಸೂರ್ಯನಿಗೆ ಹತ್ತಿರ, ಅದಕ್ಕೇ ಹಾಗೆ ಎಂದು ಅವಳು ಪುಸ್ತಕದಲ್ಲಿ ಓದಿದ್ದಳು. ಶಾಲೆಯ ಮುಖ ನೋಡದ, ರಾತ್ರಿ ಹೊಸ್ತಿಲು ದಾಟದ ನಾನಿ ಅದನ್ನು ಕಣ್ಣಾರೆ ಕಂಡು ತಿಳಿದಿದ್ದರು. ಅಷ್ಟು ವರ್ಷಗಳಲ್ಲಿ ನಾವ್ಯಾರೂ ಅವರನ್ನು ಕೇಳಿರಲಿಲ್ಲ!

ಸಹೋದರಿಯರೇ, ಇಂದು ಸಂಜೆ ಮಕ್ಕಳೊಂದಿಗೆ ಮೇಲೆ ಹೋಗಿ ನೋಡಿ. ಮಿನುಗುವುದು ನಕ್ಷತ್ರ, ಮಿನುಗದೆ ಸ್ಥಿರವಾಗಿ ಬೆಳಗುವುದು ಗ್ರಹ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೈಹಿಡಿದು ಕರೆದೊಯ್ಯಿರಿ. ಗುರು ಮತ್ತು ಶನಿ ಮತ್ತೆ ಜೊತೆಯಾಗುವುದು 2040ರಲ್ಲಿ. ಅಂದು ತೋರಿಸುವ ಸರದಿ ನನ್ನ ಮಗಳದು.